ಟಾರ್ಕಿಲ್‌ನ ಕೈ ಜೇಬಿಗೆ ಹೋದ ದಿನ

ಓರ್ನಾವೆ ದ್ವೀಪದಲ್ಲಿ ಸೂರ್ಯ ಮೇಲೇಳುವುದಕ್ಕೂ ಟಾರ್ಕಿಲ್ ಮ್ಯಾಕಾಸ್ಕಿಲ್‌ನ ಬಲಗೈ ಮೇಲೇಳುವುದಕ್ಕೂ ಏನೋ ಒಳಒಪ್ಪಂದವಿದೆ ಎಂದು ನಂಬುವವರಿದ್ದಾರೆ. ಹಾಗೆ ನೋಡಿದರೆ ಸೂರ್ಯನೇ ಕಳ್ಳ. ಆ ಸೀಮೆಯಲ್ಲಿ ಅವನು ವಾರಗಟ್ಟಲೆ ಹೇಳದೆ ಕೇಳದೆ ರಜೆ ಹಾಕುತ್ತಾನೆ. ಟಾರ್ಕಿಲ್‌ನ ಕೈ ರಜೆ ಹಾಕಿದ್ದನ್ನು ಕಂಡವರಿಲ್ಲ. ಅದು ಅಂಚೆಯ ವ್ಯಾನಿಗೆ ಏಳುತ್ತದೆ, ಪಾದ್ರಿಯ ಕಾರಿಗೆ ಏಳುತ್ತದೆ, ಕುರಿಗೂ ಕುರಿ ಕಾಯುವ ನಾಯಿಗೂ ಭೇದವೆಣಿಸದೆ ಏಳುತ್ತದೆ. ಬಂಡೆಯ ಮೇಲೆ ಹೊಟ್ಟೆ ಕಾಯಿಸುತ್ತ ಬಿದ್ದಿರುವ ಸೀಲ್ ಎಂಬ ಕಡಲಪ್ರಾಣಿಗಳಿಗೆ, ಬೇಲಿಯ ಮೇಲೆ ಒಣಹಾಕಿದ ಕಂಬಳಿಗೆ, ಚರ್ಚಿನ ಹಿಂದೆ ಮಲಗಿರುವ ಹಿರಿಯರ ಕಲ್ಲುಗಳಿಗೆ ಅದರಿಂದ ದಿನಕ್ಕೊಂದಾವರ್ತಿ ನಮಸ್ಕಾರ ಸಲ್ಲುತ್ತದೆ. ಒಮ್ಮೆ ಬಂದರುಕಟ್ಟೆಯ ಬಳಿ ಹೊಸದಾಗಿ ತಂದಿಟ್ಟ ಹಸಿರು ಕಸದ ತೊಟ್ಟಿಗೆ ಟಾರ್ಕಿಲ್ ಕೈ ಎತ್ತಿ, ಉತ್ತರ ಬಾರದಿದ್ದಾಗ ಮತ್ತೊಮ್ಮೆ ಎತ್ತಿ, ಸ್ವಲ್ಪ ನೊಂದುಕೊಂಡು ಮುಂದೆ ಹೋದನೆಂದು ಊರಿನ ಇತಿಹಾಸ ಹೇಳುತ್ತದೆ.

ಕೈ ಎತ್ತುವುದೇನೋ ಅಲ್ಲಿಯ ಎಲ್ಲರ ರೂಢಿಯೇ. ಓರ್ನಾವೆಯಲ್ಲಿ ರಸ್ತೆ ಒಂದೇ, ಅದರ ಅಗಲವೂ ಒಂದೇ ಗಾಡಿಯದು. ಎದುರಿನಿಂದ ಇನ್ನೊಂದು ಬಂದರೆ ಒಬ್ಬರು ಬದಿಗೆ ಸರಿದು ನಿಲ್ಲಬೇಕು. ದಾಟುವವರು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಬೇಕು. ಎತ್ತದೆ ಹೋದರೆ ಅದು ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು. ಹೊಡೆದವನಿಗೆ ಕೋಪವಿತ್ತು ಎನ್ನಬಹುದು. ಬೆರಳೆತ್ತದವನು ನಿಮ್ಮನ್ನು ಇಲ್ಲವೇ ಇಲ್ಲ ಎಂದಂತೆ. ದಕ್ಷಿಣದ ತುದಿಯ ಎರಡು ಮನೆಗಳು ತಪ್ಪಿಹೋದ ಒಂದು ಬೆರಳಿನಿಂದಾಗಿ ಅರ್ಧ ತಲೆಮಾರು ಮಾತು ಬಿಟ್ಟಿದ್ದವು. ಆಮೇಲೆ ಆ ಮನೆಯ ಹುಡುಗ ಈ ಮನೆಯ ಹುಡುಗಿಯನ್ನೇ ಮದುವೆಯಾದ. ಅವತ್ತು ಚರ್ಚಿನಲ್ಲಿ ಇಬ್ಬರು ಬೀಗರೂ ಒಬ್ಬರಿಗೊಬ್ಬರು ಬೆರಳೆತ್ತಿದರು. ಜನ ವಧೂವರರನ್ನು ನೋಡುವುದು ಬಿಟ್ಟು ಅದನ್ನೇ ನೋಡಿದರು.

ಆದರೆ ಊರು ಎತ್ತುವುದು ಒಂದು ಬೆರಳು. ಟಾರ್ಕಿಲ್ ಎತ್ತುವುದು ಇಡೀ ತೋಳು, ಅಂಗೈ ಬಿಚ್ಚಿ, ಭುಜ ಕಿವಿಗೆ ತಾಗುವಂತೆ. ಇದರ ರಹಸ್ಯವೇನು ಎಂಬುದರ ಮೇಲೆ ದ್ವೀಪದ ಮೇಧಾವಿಗಳಲ್ಲಿ ಮೂರು ಪಂಗಡಗಳಾಗಿದ್ದವು. ಅಂಚೆ ಹಂಚುವ ಡಾಲೀನಾಳದು ಪ್ರೇಮ ಪಂಗಡ: ಬಹಳ ಹಿಂದೆ ದ್ವೀಪಕ್ಕೆ ಬಂದಿದ್ದ ಒಬ್ಬ ದಾದಿ ದೋಣಿ ಹತ್ತಿ ಹೋದಾಗ ಟಾರ್ಕಿಲ್ ಎತ್ತಿದ ಕೈ, ಆಮೇಲೆ ಪೂರ್ತಿಯಾಗಿ ಕೆಳಗೆ ಇಳಿಯಲೇ ಇಲ್ಲ. ಕುರಿ ಸಾಕುವ ಹೆಕ್ಟರ್‌ನದು ರಾಜವಂಶದ ಪಂಗಡ: ಮ್ಯಾಕಾಸ್ಕಿಲ್ ಮನೆತನದ ಹಳೆಯ ನಾಯಕರು ಯುದ್ಧದ ಹಡಗಿನಿಂದ ದಡಕ್ಕೆ ಹೀಗೇ ಕೈ ಎತ್ತುತ್ತಿದ್ದರು, ರಕ್ತದಲ್ಲಿ ಬಂದದ್ದು ಎಲ್ಲಿ ಹೋಗುತ್ತದೆ. ಪಾದ್ರಿ ಮನ್ರೋ ಅವರದು ಭಕ್ತಿ ಪಂಗಡ: ಅದು ಮಾತಿಲ್ಲದ ಪ್ರಾರ್ಥನೆ, ಆದ್ದರಿಂದಲೇ ಅವನು ಭಾನುವಾರ ಚರ್ಚಿನಲ್ಲಿ ನಿದ್ದೆ ಮಾಡಿದರೂ ನಡೆಯುತ್ತದೆ.

ಇಂಥ ಮಹಾಪುರುಷನ ಪೂರ್ವಾಶ್ರಮ ಬಹಳ ಸಾಧಾರಣ. ಉತ್ತರದ ತುದಿಯ ಮನೆಯಲ್ಲಿ ಹುಟ್ಟಿದ, ಅಲ್ಲೇ ಬೆಳೆದ, ಬಂದರುಕಟ್ಟೆಯಲ್ಲಿ ನಿಂತು ದೋಣಿಯಿಂದ ಎಸೆಯುವ ಹಗ್ಗ ಹಿಡಿದು ಕಟ್ಟುವ ಕೆಲಸ ಮಾಡಿದ. ಮದುವೆಗೆ ಯಾರೂ ಕೇಳಲಿಲ್ಲ, ಅವನೂ ಜ್ಞಾಪಿಸಲಿಲ್ಲ. ಒಂದು ದಿನ ದೋಣಿಯಿಂದ ಬಂದ ಹಗ್ಗ ಅವನ ಪಕ್ಕದಿಂದ ಹಾದು ಬಂದರಿನ ಅಧಿಕಾರಿಯ ಟೋಪಿಯನ್ನು ಎತ್ತಿಕೊಂಡು ಸಮುದ್ರಕ್ಕೆ ಬಿತ್ತು. ಮಾರನೆಯ ದಿನವೇ ಟಾರ್ಕಿಲ್ ಕೆಲಸ ಬಿಟ್ಟ. ಅದೇ ತಿಂಗಳು ತನ್ನ ಕಾರನ್ನೂ ಮನೆಯ ಹಿಂದೆ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಕೋಳಿಗಳಿಗೆ ಬಿಟ್ಟುಕೊಟ್ಟ. ಅಂದಿನಿಂದ ಎಲ್ಲೆಡೆಗೂ ನಡಿಗೆಯೇ. ಊರು ಇದನ್ನು ವೈರಾಗ್ಯವೆಂದು ದಾಖಲಿಸಿಕೊಂಡಿತು. ಕೈ ಎತ್ತುವುದು ವಿಶ್ವರೂಪ ತಾಳಿದ್ದೂ ಆಗಿನಿಂದಲೇ.

ಎಫಿ ಮ್ಯಾಕ್‌ಫೇಲ್‌ಗೆ ಈ ಯಾವ ಪಂಗಡವೂ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಒಬ್ಬ ದಾರಿ ತೋರಿಸುವವನು.

ಎಫಿ ಬಂದರುಕಟ್ಟೆಯ ಮೇಲಿನ ನೀಲಿ ಬಾಗಿಲಿನ ಮನೆಯವಳು. ಮೂರು ಕೋಣೆ, ಬಂದವರಿಗೆ ಹಾಸಿಗೆ, ಬೆಳಗಿನ ತಿಂಡಿ. ಗಂಡ ಹೋದ ಮೇಲೆ ಅದೇ ಅವಳ ಬದುಕು. ಆದರೆ ಎರಡು ಬೇಸಿಗೆಯಿಂದ ಪ್ರವಾಸಿಗಳು ಬೆಳಗಿನ ದೋಣಿಯಲ್ಲಿ ಬಂದು, ಕಟ್ಟೆಯ ಮೇಲೆ ಫೋಟೋ ತೆಗೆದು, ಸಂಜೆಯ ದೋಣಿಗೆ ಮರಳುತ್ತಿದ್ದರು. ಓಬನ್ ಪಟ್ಟಣದ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಜನ ಬೇಕಾಗಿತ್ತು; ಶುಕ್ರವಾರದೊಳಗೆ ಎಫಿ ಬರುತ್ತೇನೆ ಅಥವಾ ಇಲ್ಲ ಅನ್ನಬೇಕಿತ್ತು. ಆ ನಡುವೆ, ಚಾರಣಿಗರನ್ನು ಕರೆತರುವ ಒಂದು ಕಂಪನಿಯ ಹಿಲ್ಡಾ ಫೆನ್ವಿಕ್ ಎಂಬಾಕೆ ಐದು ಜನರೊಂದಿಗೆ ಬುಧವಾರ ದ್ವೀಪವನ್ನು ಪರೀಕ್ಷಿಸಲು ಬರುವುದಾಗಿ ತಿಳಿಸಿದ್ದಳು. ಅವಳಿಗೆ ಮೆಚ್ಚಿಗೆಯಾದರೆ ಬೇಸಿಗೆಯಿಡೀ ವಾರಕ್ಕೊಂದು ತಂಡ, ರಾತ್ರಿ ಎಫಿಯ ಮನೆಯಲ್ಲೇ ವಸತಿ. ಮೆಚ್ಚಿಗೆಯಾಗದಿದ್ದರೆ ನೀಲಿ ಬಾಗಿಲಿಗೆ ಬೀಗ, ಎಫಿಗೆ ಓಬನ್ನಿನ ಒದ್ದೆ ಚಾದರಗಳು.

ತಂಡವನ್ನು ಕರೆದೊಯ್ಯಬೇಕಿದ್ದ ಪಕ್ಷಿಧಾಮದ ಪಾಲಕ ಹಲ್ಲುನೋವೆಂದು ಸೋಮವಾರ ದ್ವೀಪ ಬಿಟ್ಟವನು, ಕೆನ್ನೆ ಊದಿಕೊಂಡಿದೆ, ಈ ವಾರ ಬರಲಾರೆ ಎಂದು ಮಂಗಳವಾರ ಆಚೆಯಿಂದಲೇ ತಿಳಿಸಿದ. ದ್ವೀಪದ ಎಲ್ಲ ಕಾಲುದಾರಿಗಳನ್ನು ಬಲ್ಲವನು ಇನ್ನೊಬ್ಬನೇ. ಎಫಿ ಉತ್ತರದ ತುದಿಗೆ ಹೋದಳು. ಟಾರ್ಕಿಲ್ ಕಾರಿನ ಹಿಂಬದಿಯ ಸೀಟಿನಿಂದ ಮೊಟ್ಟೆ ಆರಿಸುತ್ತಿದ್ದ.

"ಬರ್ತೀನಿ, ಅದಕ್ಕೇನಂತೆ," ಅಂದ.

"ಬರೋದು ದೊಡ್ಡದಲ್ಲ ಕಣೋ. ನಿನ್ನ ಕೈ ಬರಬಾರದು."

"ಕೈ ಬಿಟ್ಟು ಹೆಂಗೆ ಬರಲಿ?"

"ಹೋದ ವರ್ಷದ್ದು ನೆನಪಿದೆಯಾ? ಆ ಫೋಟೋದವನು ನೀರುನಾಯಿಗೋಸ್ಕರ ಕಡಲಪಾಚಿ ಮೇಲೆ ಅರ್ಧ ದಿನ ಹೊಟ್ಟೆ ಅಡಿ ಮಾಡಿ ಮಲಗಿದ್ದ. ಅದು ಬಂತು. ನೀನೂ ಬಂದೆ. ಬಂದವನೇ ಇಷ್ಟುದ್ದ ಕೈ ಎತ್ತಿದೆ. ಅವನಿಗೆ ಸಿಕ್ಕಿದ್ದು ಬರೀ ನೀರಿನ ಫೋಟೋ."

"ಚೆನ್ನಾಗಿ ಬಂದಿತ್ತು ಆ ನೀರು."

"ಟಾರ್ಕಿಲ್. ಒಂದೇ ದಿನ. ಬಲಗೈ ಜೇಬಲ್ಲಿ ಇಟ್ಕೊ. ಸಂಜೆ ದೋಣಿ ಹೊರಟ ಮೇಲೆ ಎರಡೂ ಕೈ ಎತ್ತಿ ಕುಣಿ, ಯಾರು ಬೇಡ ಅಂತಾರೆ."

"ಜನ ಏನಂದ್ಕೋತಾರೆ?"

"ಕೈಗೆ ಚಳಿ ಆಗಿದೆ ಅಂದ್ಕೋತಾರೆ."

"ಜೂನ್ ತಿಂಗಳಲ್ಲಿ?"

"ಓರ್ನಾವೆಯ ಜೂನ್ ತಿಂಗಳಲ್ಲಿ."

ಒಂದೇ ಬೆಂಚಿನ ಮೇಲೆ ಕೂತು ಓದಿದವರು ಅವರಿಬ್ಬರು. ಆಗಲೂ ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ಮೂರು ಮೊಟ್ಟೆಗಳ ಸಾಕ್ಷಿಯಾಗಿ ಟಾರ್ಕಿಲ್ ಮಾತು ಕೊಟ್ಟ.

ಬುಧವಾರ ಹಿಲ್ಡಾ ಫೆನ್ವಿಕ್ ದೋಣಿಯಿಂದ ಇಳಿದಳು. ನೆಟ್ಟಗಿನ ಹೆಂಗಸು, ಬೂಟಿನ ಲಾಡಿ ಎರಡೂ ಕಡೆ ಒಂದೇ ಉದ್ದ. ಕಟ್ಟೆಯ ಮೇಲೆ ನಿಂತೇ ಮೂರು ಬೆರಳು ಮುಂದೆ ಹಿಡಿದಳು. "ನಮ್ಮವರಿಗೆ ಮೂರು ಬೇಕು. ನಡಿಗೆ. ಕಾಡುಪ್ರಾಣಿ, ಹಕ್ಕಿ. ಇಲ್ಲಿನ ಜನಜೀವನ. ಮೂರೂ ಸಿಕ್ಕರೆ ಮಾತು ಮುಂದುವರಿಸೋಣ."

"ಮೂರೂ ಇದೆ," ಅಂದಳು ಎಫಿ, ಅಂಗಡಿಯವಳ ಹಾಗೆ. ಸ್ಕೋನ್ ಎಂಬ ಬನ್ನು, ಬೆಣ್ಣೆ ತುಂಬಿದ ಬುಟ್ಟಿ ಹಿಡಿದು ತಾನೂ ಹೊರಟಳು. ಬುಟ್ಟಿ ನೆಪ, ಅವಳ ಕಣ್ಣಿದ್ದದ್ದು ಟಾರ್ಕಿಲ್‌ನ ಬಲಜೇಬಿನ ಮೇಲೆ.

ಟಾರ್ಕಿಲ್ ಮುಂದೆ, ತಂಡ ಹಿಂದೆ. ಚರ್ಚಿನ ಗೋಡೆಯ ಬದಿಯಿಂದ, ಹಳದಿ ಹೂ ಮುಚ್ಚಿದ ಕಡಲಂಚಿನ ಬಯಲಿನ ನಡುವಿನಿಂದ, ಗುಡ್ಡದ ಹೆಗಲಿಗೆ. ಅವನ ಕಾಲುಗಳಿಗೆ ದಾರಿ ಬಾಯಿಪಾಠ. ಎಲ್ಲಿ ಜೌಗು, ಎಲ್ಲಿ ಗಟ್ಟಿ ನೆಲ ಎಂದು ಕೆಳಗೆ ನೋಡದೆಯೇ ನಡೆಯುತ್ತಿದ್ದ. ಹಿಲ್ಡಾ ತೃಪ್ತಿಯಿಂದ ಒಂದು ಬೆರಳು ಮಡಚಿದಳು. ಆದರೆ ಜೇಬಿನೊಳಗಿನ ಕೈ ಬಲೆಗೆ ಬಿದ್ದ ಮೀನಿನಂತೆ ಹೊರಳುತ್ತಿತ್ತು. ಒಂದು ಕುರಿ ಎದುರಾದಾಗ ಇಡೀ ಕೋಟೇ ಒಮ್ಮೆ ಮೇಲಕ್ಕೆ ನೆಗೆದು ಕೂತಿತು.

ರಸ್ತೆ ದಾಟುವಲ್ಲಿ ಡಾಲೀನಾಳ ಕೆಂಪು ವ್ಯಾನು ಬಂತು. ಅವಳು ಬೆರಳೆತ್ತಿದಳು. ಟಾರ್ಕಿಲ್ ಕೈ ಎತ್ತಲಿಲ್ಲ. ನೆಲ ನೋಡುತ್ತ ದಾಟಿಬಿಟ್ಟ. ವ್ಯಾನು ಹತ್ತು ಮಾರು ಹೋಗಿ ನಿಂತಿತು. ಕನ್ನಡಿಯಲ್ಲಿ ಡಾಲೀನಾಳ ಮುಖ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು.

ಕುರಿದೊಡ್ಡಿಯ ಬಾಗಿಲಲ್ಲಿ ಹೆಕ್ಟರ್ ನಿಂತಿದ್ದ. "ಏನಯ್ಯಾ ಟಾರ್ಕಿಲ್," ಎಂದು ಬೆರಳೆತ್ತಿದ. ಕೈ ಬರಲಿಲ್ಲ. "ಹೂಂ," ಎಂದಷ್ಟೇ ಹೇಳಿ ಟಾರ್ಕಿಲ್ ಮುಂದೆ ನಡೆದ. ಹೆಕ್ಟರ್ ಎತ್ತಿದ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ಅದನ್ನೇ ನೋಡುತ್ತ ನಿಂತ. ಆಮೇಲೆ ಪಾದ್ರಿ ಮನ್ರೋ ಸೈಕಲ್ಲಿನಲ್ಲಿ ಎದುರಾದರು. ಅವರಿಗೂ ಅದೇ ಗತಿ. ದೇವರ ಸೇವಕರು ಸೈಕಲ್ ಸಮೇತ ಚರಂಡಿಯ ಅಂಚಿಗೆ ಹೋಗಿ ನಿಂತರು.

ಎಫಿ ಜೇಬು ನೋಡಿದಳೇ ಹೊರತು ಇವರ ಮುಖಗಳನ್ನು ಗಮನಿಸಲಿಲ್ಲ. ಅವಳಿಗೆ ಬೇರೆ ಚಿಂತೆ ಹತ್ತಿತ್ತು. ಗುಡ್ಡದ ಮೇಲೆ ಮಂಜು ಇಳಿದು ಹದ್ದಿರಲಿ, ಆಕಾಶವೇ ಕಾಣಲಿಲ್ಲ. ತೊರೆಯ ಮುಖದಲ್ಲಿ ಉಸಿರು ಬಿಗಿಹಿಡಿದು ಕಾದರು. ನೀರುನಾಯಿಗೆ ಅವತ್ತು ಬೇರೆಲ್ಲೋ ಊಟಕ್ಕೆ ಕರೆಯಿತ್ತೆಂದು ಕಾಣುತ್ತದೆ. ದುರ್ಬೀನು ಹಿಡಿದಿದ್ದ ಒಬ್ಬಾಕೆ, "ಅದೇನು ಅಲ್ಲಿ?" ಅಂದಾಗ ಎಲ್ಲರೂ ಓಡಿದರು. ಅದು ಕುರಿ. ಹಿಲ್ಡಾಳ ಎರಡು ಬೆರಳುಗಳು ನೆಟ್ಟಗೆ, ಹಸಿದವರಂತೆ ನಿಂತೇ ಇದ್ದವು.

ಪಡುವಣದ ಮರಳದಂಡೆಗೆ ಬಂದು ಬುಟ್ಟಿ ಬಿಚ್ಚಿದಾಗ ಮಂಜು ಹರಿದು ಬಿಸಿಲು ಬಂದಿತ್ತು. ಆದರೆ ಯಾರ ಮುಖದ ಮೇಲೂ ಅದು ಬಿದ್ದಿರಲಿಲ್ಲ. "ಜಾಗ ಚೆನ್ನಾಗಿದೆ," ಅಂದಳು ಹಿಲ್ಡಾ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಎಫಿಯ ಮೂಗಿಗೆ ಓಬನ್ನಿನ ಸೋಪಿನ ವಾಸನೆ ಬಂದಂತಾಯಿತು.

ಅಷ್ಟರಲ್ಲಿ ಮರಳದಿಬ್ಬದ ಮೇಲೆ ಡಾಲೀನಾ ಕಾಣಿಸಿಕೊಂಡಳು. ಕೈಯಲ್ಲಿ ಓಟ್ ಬಿಸ್ಕತ್ತಿನ ಡಬ್ಬಿ. ನೇರ ಟಾರ್ಕಿಲ್‌ನ ಮುಂದೆ ಬಂದು ನಿಂತಳು.

"ಓದ್ದೆ. ಒಪ್ಕೋತೀನಿ."

"ಏನನ್ನ?"

"ನಿನ್ನ ಅಕ್ಕ ಕಳಿಸಿದ ಪೋಸ್ಟ್‌ಕಾರ್ಡು. ಆದ್ರೆ ಟಾರ್ಕಿಲ್, ನಿಂದೊಂದೇ ಅಲ್ಲ, ನಾನು ಎಲ್ಲರದೂ ಓದ್ತೀನಿ. ನೀನೊಬ್ಬ ಇಷ್ಟೊಂದು ಮನಸ್ಸಿಗೆ ಹಚ್ಕೋಬಾರದು."

"ನಾನೇನೂ ಹಚ್ಕೊಂಡಿಲ್ಲ."

"ಹಂಗಂದ್ರೆ ಹಚ್ಕೊಂಡಿದಾನೆ ಅಂತಲೇ," ಎಂದು ಡಾಲೀನಾ ಎಫಿಯತ್ತ ತಿರುಗಿ ಮೆಲ್ಲಗೆ ಹೇಳಿ, ಬಿಸ್ಕತ್ತಿನ ಡಬ್ಬಿ ಇಟ್ಟು, ಕ್ಷಮೆ ಸಿಗುವವರೆಗೆ ಕದಲುವುದಿಲ್ಲ ಎಂಬಂತೆ ಮರಳಿನಲ್ಲಿ ಕೂತುಬಿಟ್ಟಳು.

ಅವಳ ಹಿಂದೆಯೇ ಹೆಕ್ಟರ್. ಒಂದು ಹೆಗಲ ಮೇಲೆ ಪೀಟ್ ಎಂಬ, ಒಲೆಗೆ ಹಾಕುವ ಒಣ ಜೌಗುಮಣ್ಣಿನ ಹೆಂಟೆಗಳ ಮೂಟೆ, ಇನ್ನೊಂದರ ಮೇಲೆ ಪಿಟೀಲಿನ ಪೆಟ್ಟಿಗೆ. ಮೂಟೆಯನ್ನು ಟಾರ್ಕಿಲ್‌ನ ಕಾಲ ಬಳಿ ದೊಪ್ಪನೆ ಇಳಿಸಿದ.

"ತಗೊ. ಚಳಿಗಾಲದಲ್ಲಿ ನಿನ್ನ ಪೀಟ್ ರಾಶಿಯಿಂದ ಸ್ವಲ್ಪ ತಗೊಂಡಿದ್ದೆ. ಹಿಂಬದಿಯಿಂದ. ಮುಂದೆ ನೋಡೋರಿಗೆ ಚೆನ್ನಾಗಿ ಕಾಣಲಿ ಅಂತ ಮುಂಭಾಗ ಮುಟ್ಟಿರಲಿಲ್ಲ. ಮರ್ಯಾದಸ್ತರ ಮನೇಲಿ ಹುಟ್ಟಿದೋನು ನಾನು."

"ನನಗೆ ಗೊತ್ತೇ ಇರಲಿಲ್ಲ," ಅಂದ ಟಾರ್ಕಿಲ್.

"ಅಯ್ಯೋ. ಹಾಗಾದ್ರೆ ನಾನ್ಯಾಕೆ ಹೇಳಿದೆ," ಎಂದು ಹೆಕ್ಟರ್ ತಲೆ ಕೆರೆದುಕೊಂಡ.

ಪಾದ್ರಿ ಮನ್ರೋ ಬಂದರು. ಹೆಂಡತಿಯ ಕೈಯ, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಒಣದ್ರಾಕ್ಷಿಯ ಕಡುಬನ್ನು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಕೂಸಿನಂತೆ ಕೂರಿಸಿಕೊಂಡು ತಂದಿದ್ದರು. "ಟಾರ್ಕಿಲ್, ಹೋದ ಭಾನುವಾರದ ಪ್ರವಚನದಲ್ಲಿ ಸೋಮಾರಿಗಳು ಅಂದಾಗ ನಾನು ನಿನ್ನ ಕಡೆ ನೋಡಿದ್ದು ನಿಜ. ಅದು ನಿನ್ನ ಹಿಂದಿನ ಕಿಟಕಿ ನೋಡಿದ್ದು ಅಂತ ಹೇಳಬಹುದಿತ್ತು. ಹೇಳಲ್ಲ. ನಿನ್ನನ್ನೇ ನೋಡಿದ್ದು."

"ನಾನು ನಿದ್ದೆ ಮಾಡ್ತಿದ್ದೆ, ಪಾದ್ರಿಗಳೇ."

"ಅದಕ್ಕೇ ನೋಡಿದ್ದು."

ಅವರಾದ ಮೇಲೆ ದಾರಿಯಲ್ಲಿ ಎದುರಾಗಿದ್ದ ಇನ್ನೂ ಯಾರು ಯಾರೋ ಬಂದರು. ಹೊಗೆಯಾಡಿಸಿದ ಮೀನು ಬಂತು, ಮನೆಯಲ್ಲಿ ಕಡೆದ ಬೆಣ್ಣೆ ಬಂತು, ಎಂದೋ ಎರವಲು ಒಯ್ದ ಏಣಿ ಬಂತು. ಟಾರ್ಕಿಲ್ ಮ್ಯಾಕಾಸ್ಕಿಲ್ ಕಸದ ತೊಟ್ಟಿಗೂ ಕೈ ಎತ್ತುವವನು, ಇವತ್ತು ತನಗೆ ಎತ್ತಲಿಲ್ಲ ಎಂದರೆ ತನ್ನಿಂದ ಅದೆಂಥ ಅಪರಾಧವಾಗಿರಬೇಕು ಎಂದು ಪ್ರತಿಯೊಬ್ಬರೂ ಆತ್ಮಶೋಧನೆ ಮಾಡಿಕೊಂಡಿದ್ದರು. ಶೋಧಿಸಿದರೆ ಏನಾದರೊಂದು ಸಿಗದ ಆತ್ಮ ಓರ್ನಾವೆಯಲ್ಲಿ ಇರಲಿಲ್ಲ.

ಇಷ್ಟು ಜನ ಇಷ್ಟು ತಿಂಡಿಯ ಜೊತೆ ಸೇರಿದ ಮೇಲೆ ದುಃಖಪಡುವುದು ಕಷ್ಟ. ಹೆಕ್ಟರ್‌ನ ಪಶ್ಚಾತ್ತಾಪದ ಪೀಟಿನಿಂದಲೇ ಬೆಂಕಿ ಹಾಕಿ ಕೆಟಲ್ ಇಟ್ಟರು. ಅವನು ಪಿಟೀಲು ತೆಗೆದ. ಡಾಲೀನಾ ಪ್ರವಾಸಿಗರನ್ನು ಕೈಹಿಡಿದು ಎಬ್ಬಿಸಿ ಕುಣಿತದ ಹೆಜ್ಜೆ ಕಲಿಸಿದಳು. ತಪ್ಪಿದವರಿಗೆ, "ಅದು ನನ್ನ ಕಾಲು, ನೆಲ ಇನ್ನೂ ಕೆಳಗಿದೆ," ಅಂದಳು. ದುರ್ಬೀನಿನ ಹೆಂಗಸು ಪಾದ್ರಿಯ ಜೊತೆ ಕುಣಿದಳು. ಹಿಲ್ಡಾ ಫೆನ್ವಿಕ್‌ಳ ಬೂಟಿನ ಲಾಡಿ ಒಂದು ಕಡೆ ಬಿಚ್ಚಿಹೋಗಿತ್ತು, ಅವಳಿಗೆ ಅರಿವಿರಲಿಲ್ಲ. ಕಡುಬು ತಿನ್ನುತ್ತ ಎಫಿಯನ್ನು ಬದಿಗೆ ಕರೆದಳು.

"ಇದನ್ನೆಲ್ಲ ನೀವು ಏರ್ಪಾಡು ಮಾಡಿದ್ದಾ?"

ಎಫಿ ಒಂದು ಕ್ಷಣ ಸತ್ಯದ ಕಡೆಗೂ ಒಂದು ಕ್ಷಣ ನೀಲಿ ಬಾಗಿಲ ಕಡೆಗೂ ನೋಡಿದಳು. "ಏರ್ಪಾಡೇನಿಲ್ಲ. ತಾನಾಗೇ ಆಗೋದು."

"ಪ್ರತಿ ವಾರ ಆಗುತ್ತಾ?"

ಎಫಿ ಜನರತ್ತ ನೋಡಿದಳು. ಇವರ ಮನೆಗಳಲ್ಲಿ ಹಿಂತಿರುಗಿಸದ ಏಣಿಗಳಿಗೆ ಬರವಿಲ್ಲ ಅನ್ನಿಸಿತು. "ಆಗುತ್ತೆ."

ಹಿಲ್ಡಾ ಇನ್ನೊಂದು ಬೆರಳು ಮಡಚಿದಳು. "ಆದರೆ ಪ್ರಾಣಿ ಹಕ್ಕಿ ಇಲ್ಲದೆ ನಮ್ಮವರು ಬರಲ್ಲ. ಬೆಳಗಿನಿಂದ ಕಂಡಿದ್ದು ಕುರಿ. ಹಾಗಂತ ಹೇಳಿದರೆ ನನ್ನನ್ನೇ ಮನೆಗೆ ಕಳಿಸ್ತಾರೆ. ಕ್ಷಮಿಸಿ."

ಆ ಒಂಟಿ ಬೆರಳು ಎಫಿಯ ಕಣ್ಣ ಮುಂದೆ ಗೂಟದ ಹಾಗೆ ನಿಂತಿತು. ಅವಳು ನಿಧಾನವಾಗಿ ಟಾರ್ಕಿಲ್‌ನ ಬಳಿ ಹೋದಳು. ತಿಂಡಿಯ ರಾಶಿಯ ನಡುವೆ, ತಾನೇನು ತಪ್ಪು ಮಾಡಿದೆ ಎಂದು ತಿಳಿಯದ ಮಗುವಿನಂತೆ ಅವನು ಕೂತಿದ್ದ. ಬಲಗೈ ಇನ್ನೂ ಜೇಬಿನಲ್ಲೇ ಇತ್ತು. ಎಡಗೈಯಿಂದ ಕಡುಬು ತಿನ್ನುತ್ತ ಗಡ್ಡಕ್ಕೆಲ್ಲ ಮೆತ್ತಿಕೊಂಡಿದ್ದ. ಎಫಿಗೆ ಕೋಪ ಬರಬೇಕಿತ್ತು, ಬರಲಿಲ್ಲ.

"ಕೈ ತೆಗಿಯೋ," ಅಂದಳು. "ಇನ್ನು ಓಡಿಸೋಕೆ ಏನೂ ಉಳಿದಿಲ್ಲ. ಈ ಜನ ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಬೇಕು. ಎತ್ತು."

ಟಾರ್ಕಿಲ್ ಎದ್ದು ನಿಂತ. ಕೈ ಹೊರಬಂತು. ಮೊದಲು ಡಾಲೀನಾಗೆ, ಆಮೇಲೆ ಹೆಕ್ಟರ್‌ಗೆ, ಪಾದ್ರಿಗೆ, ಏಣಿಯವನಿಗೆ, ಏಣಿಗೆ. ಒಬ್ಬೊಬ್ಬರ ಮುಖವೂ ದೀಪ ಹಚ್ಚಿದಂತೆ ಅರಳಿತು. ಊರಿಗೆಲ್ಲ ಎತ್ತಿ ಮುಗಿಸಿ, ಅವನು ಸಮುದ್ರದ ಕಡೆ ತಿರುಗಿದ. ದೂರದ ಬಂಡೆಯತ್ತ, ಬೆಳಗಿನಿಂದ ಕಟ್ಟಿಟ್ಟ ಸಾಲವನ್ನೆಲ್ಲ ಒಂದೇ ಸಲ ತೀರಿಸುವವನಂತೆ, ತೋಳು ಪೂರ್ತಿ ಎತ್ತಿದ.

"ಹೆಕ್ಟರ್, ನಿನ್ನ ತಮ್ಮನೂ ಬಂದಿದಾನಲ್ಲಯ್ಯಾ. ಆ ಕಂದು ಕೋಟು ಹಾಕ್ಕೊಂಡು ಬಂಡೆ ಮೇಲೆ ಒಬ್ಬನೇ ಕೂತಿದಾನೆ. ಅವನನ್ನೂ ಕರಿ, ಚಹಾ ಆರುತ್ತೆ."

"ನನ್ನ ತಮ್ಮ ಗ್ಲಾಸ್ಗೋದಲ್ಲಿದಾನೆ," ಅಂದ ಹೆಕ್ಟರ್.

ಎಲ್ಲರೂ ಆ ಕೈ ತೋರಿದ ಕಡೆ ನೋಡಿದರು. ಪಿಟೀಲು ನಿಂತಿತು. ಬಂಡೆಯ ಮೇಲಿದ್ದ ಕಂದು ಕೋಟಿನವನು ತನಗೆ ಸಂದ ಗೌರವವನ್ನು ಸ್ವಲ್ಪ ಹೊತ್ತು ಯೋಚಿಸಿ, ಭುಜಗಳನ್ನು ಬಿಚ್ಚಿದ. ಬಿಚ್ಚಿದ, ಇನ್ನೂ ಬಿಚ್ಚಿದ. ಕೊಟ್ಟಿಗೆಯ ಎರಡು ಬಾಗಿಲುಗಳಷ್ಟು ಅಗಲವಾದ ರೆಕ್ಕೆ. ಬಿಳಿಬಾಲದ ಕಡಲಹದ್ದು ಬಂಡೆಯಿಂದ ಜಾರಿ, ನೀರಿನ ಮೇಲೆ ಎರಡು ಸಲ ರೆಕ್ಕೆ ಬಡಿದು, ನೇರ ಅವರ ತಲೆಯ ಮೇಲಿಂದ ಹಾದುಹೋಯಿತು. ಅದರ ನೆರಳು ಬೆಣ್ಣೆಯ ಮೇಲೆ ಬಿದ್ದು ಸರಿಯಿತು. ದುರ್ಬೀನಿನ ಹೆಂಗಸಿಗೆ ದುರ್ಬೀನು ಬೇಕಾಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

ಹಿಲ್ಡಾ ತನ್ನ ಕೈಯನ್ನೇ ನೋಡಿಕೊಂಡಳು, ಮೂರನೆಯ ಬೆರಳನ್ನು ಮಡಚಿದಳು. "ಬುಧವಾರಗಳು," ಅಂದಳು ಎಫಿಗೆ. "ಮುಂದಿನ ವಾರದಿಂದಲೇ. ರಾತ್ರಿಗೆ ಮೂರೂ ಕೋಣೆ. ದಾರಿ ತೋರಿಸೋದು ಇವರೇ. ಕೈ ಸಮೇತ."

ಎಫಿ ಬೆನ್ನು ತಿರುಗಿಸಿ ಬುಟ್ಟಿಯನ್ನು ಬಹಳ ಹೊತ್ತು ಜೋಡಿಸಿದಳು, ಅದರಲ್ಲಿ ಜೋಡಿಸಲು ಏನೂ ಇರದಿದ್ದರೂ. ಓಬನ್ನಿನ ಚಾದರಗಳನ್ನು ಇನ್ಯಾರಾದರೂ ಒಗೆಯಲಿ.

ಹೊರಡುವ ಮುನ್ನ ಹಿಲ್ಡಾ ಟಾರ್ಕಿಲ್‌ನ ಬಳಿ ಬಂದಳು. "ಒಂದು ಮಾತು ಕೇಳಲಾ? ನೀವು ಹೀಗೆ ಎಲ್ಲಕ್ಕೂ ಕೈ ಎತ್ತೋದು ಯಾಕೆ? ಬಂದವರು ಕೇಳ್ತಾರೆ, ನಾನು ಏನಾದರೂ ಹೇಳಬೇಕಲ್ಲ."

ಇಷ್ಟು ವರ್ಷದಲ್ಲಿ ಊರಿನವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತಲ್ಲ. ಮೂರೂ ಪಂಗಡಗಳು ಹತ್ತಿರ ಸರಿದವು. ಡಾಲೀನಾ ದಾದಿಗಾಗಿ ಕರವಸ್ತ್ರ ತೆಗೆದಳು. ಹೆಕ್ಟರ್ ರಾಜವಂಶಕ್ಕಾಗಿ ಬೆನ್ನು ನೆಟ್ಟಗೆ ಮಾಡಿದ. ಪಾದ್ರಿ ಮನ್ರೋ ಕಣ್ಣು ಮುಚ್ಚಿ ಕೈಮುಗಿದರು.

ಟಾರ್ಕಿಲ್ ಗಡ್ಡದಿಂದ ಒಂದು ದ್ರಾಕ್ಷಿ ಹುಡುಕಿ ಬಾಯಿಗೆ ಹಾಕಿಕೊಂಡ.

"ದೂರದ್ದು ಕಾಣಲ್ಲ ಮೇಡಂ. ಕಾರೋ ಕುರಿಯೋ ತಿಳಿಯಲ್ಲ. ಯಾರನ್ನಾದ್ರೂ ಬಿಟ್ಟುಬಿಟ್ರೆ ಬೇಜಾರು ಮಾಡ್ಕೋತಾರೆ ಅಂತ ಎಲ್ಲಕ್ಕೂ ಎತ್ತಿಬಿಡ್ತೀನಿ."

ಡಾಲೀನಾ ಕರವಸ್ತ್ರವನ್ನು ಮಡಚಿ ಒಳಗಿಟ್ಟಳು. ಕೊನೆಗೆ ಎಫಿಯೇ ಕೇಳಿದಳು.

"ಒಂದು ಕನ್ನಡಕ ಹಾಕ್ಕೋಬಾರದೇನೋ?"

"ಇತ್ತು," ಅಂದ ಟಾರ್ಕಿಲ್. "ಕಾರಲ್ಲಿ ಬಿಟ್ಟಿದ್ದೆ. ತರೋಣ ಅಂತ ಹೋದ್ರೆ ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು."